ನಮ್ಮತ್ತೆಯನ್ನು ಮಂಚದಿಂದ ಇಳಿಸಿದ ಸಿಸ್ಟರು

ಕಳೆದ ವಾರ ಲೈನಿಂಗ್ ಬಟ್ಟೆ, ಫಾಲ್ಸು, ಹುಕ್ಕು ತರಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಹೇಗೂ ಬಂದಿದ್ದೀನಲ್ಲ, ಸಿಸ್ಟರನ್ನು ಮಾತಾಡಿಸಿಕೊಂಡೇ ಹೋಗೋಣ ಎಂದು ನರ್ಸಿಂಗ್ ಹೋಮ್ ಕಡೆ ತಿರುಗಿದೆ. ಬಾಗಿಲಲ್ಲಿ ಚೀಟಿ ಬರೆಯುವ ಹುಡುಗಿ, "ಅವ್ರು ಕೆಲ್ಸ ಬುಟ್ರಲ್ಲಕ್ಕ, ವಯಸ್ಸಾಯ್ತು ಸಾಕು ಅಂದ್ರು" ಅಂದಳು. ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದು ಡಾಕ್ಟರು ಹೇಳಿದ್ದಕ್ಕೆ, "ಶಾಲು ಹೊದ್ಕಂಡು ಕುಂತ್ಕಳಕ್ಕೆ ನಂಗೇನು ಚಳಿಜ್ವರ ಬಂದದಾ ಸಾರ್?" ಎಂದು ಕೇಳಿದರಂತೆ. ಕೊನೆಯ ದಿನವೂ ಯಾರನ್ನೋ ಎಬ್ಬಿಸಿ, ನಡೆಸಿ, ಸಂಜೆ ಪಾಂಡವಪುರದ ಬಸ್ಸು ಹತ್ತಿ ಹೋಗಿಬಿಟ್ಟರಂತೆ. ನನಗೆ ನಗು ಬಂತು, ಸಂಕಟವೂ ಆಯಿತು.

ಹೆಸರು ಬರೆದರೆ ಖಂಡಿತ ಬೈಯುತ್ತಾರೆ. ಸಿಸ್ಟರು ಅಂದರೆ ಸಾಕು.

ನಾನು ಕಿಕ್ಕೇರಿಯಲ್ಲಿ ಬ್ಲೌಸು ಹೊಲಿಯುವವಳು. ಯಾರನ್ನು ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ಭುಜಕ್ಕೆ. ನಮ್ಮ ಕಡೆಯ ಹೆಂಗಸರಿಗೆ ಹುಲ್ಲಿನ ಹೊರೆ ಹೊತ್ತು, ಬಿಂದಿಗೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿ ಹೊತ್ತು ಒಂದು ಭುಜ ಇಳಿದೇ ಇರುತ್ತದೆ. ಸಿಸ್ಟರ ಭುಜ ಎರಡೂ ಒಂದೇ ಮಟ್ಟ. ಕೆಳಗೆ ಮಾತ್ರೆ ಬಿದ್ದರೂ ಸೊಂಟ ಬಗ್ಗಿಸುತ್ತಿರಲಿಲ್ಲ, ಮಂಡಿ ಮಡಿಸಿ ಕುಕ್ಕರಗಾಲಲ್ಲಿ ಕೂತು ಎತ್ತಿಕೊಳ್ಳುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ನಿಮ್ಮನ್ನ ಎಬ್ಬಿಸಕ್ಕೆ ನಾನಿವ್ನಿ. ನಾನ್ ಬಿದ್ರೆ ಎಬ್ಬಿಸೋರ್ಯಾರು?" ಅಂದಿದ್ದರು. ದಪ್ಪ ದನಿ, ಎಲೆ ಅಡಿಕೆ ಹಾಕದೆಯೂ ಕೆಂಪಗಿರುವ ತುಟಿ. ಜೇಬಿನಲ್ಲಿ ಥರ್ಮಾಮೀಟರ್ ಪಕ್ಕ ಯಾವಾಗಲೂ ಒಂದು ಪೊಟ್ಟಣ ಕಡ್ಲೆಪುರಿ. ಕೆಲಸದ ನಡುವೆ ಯಾರೂ ನೋಡದ ಹಾಗೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎಲ್ಲರೂ ನೋಡುತ್ತಿದ್ದರು.

ನಮ್ಮತ್ತೆ ಬಿದ್ದದ್ದು ಕೊಟ್ಟಿಗೆಯಲ್ಲಿ. ತೊಳೆದ ಸಿಮೆಂಟ್ ನೆಲ, ಕೈಯಲ್ಲಿ ಹಾಲಿನ ಕ್ಯಾನು. ಹಾಲು ಚೆಲ್ಲಬಾರದೆಂದು ಕ್ಯಾನು ಎತ್ತಿ ಹಿಡಿದುಕೊಂಡೇ ಬಿದ್ದರಂತೆ. ಹಾಲು ಉಳಿಯಿತು, ಬಲಗಡೆ ಸೊಂಟದ ಮೂಳೆ ಮುರಿಯಿತು. ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆವು. ಆಪರೇಷನ್ ಮಾಡಿ ರಾಡು ಹಾಕಿದ ಡಾಕ್ಟರು, "ಚೆನ್ನಾಗಿ ಆಗಿದೆ, ನಾಳೆಯಿಂದ ವಾಕರ್ ಹಿಡಿದು ನಿಲ್ಲಿಸಿ" ಎಂದು ಹೇಳಿ ಹೋದರು.

ಅಷ್ಟು ಸುಲಭವೇ? ನಮ್ಮ ಮನೆಯಲ್ಲಿ ಸೊಂಟ ಮುರಿದವರಿಗೆ ಒಂದು ದಾರಿ ಮೊದಲೇ ಗೊತ್ತಾಗಿತ್ತು. ನಮ್ಮತ್ತೆಯ ಅತ್ತೆ ಹೀಗೇ ಬಿದ್ದು ಮಲಗಿದವರು ಮತ್ತೆ ಎದ್ದಿರಲಿಲ್ಲ. ಬೆನ್ನೆಲ್ಲ ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ ಮಂಚದಲ್ಲೇ ಹೋದರು. ಅಷ್ಟು ದಿನವೂ ಅವರನ್ನು ಕೂಸಿನಂತೆ ನೋಡಿಕೊಂಡವರು ನಮ್ಮತ್ತೆ. ಊರಿನಲ್ಲಿ ಅವರಿಗೆ ಇದ್ದ ದೊಡ್ಡ ಹೆಸರು ಅದೇ. ಯಾವ ಹೊಸ ಸೊಸೆ ಬಂದರೂ ನಮ್ಮತ್ತೆಯನ್ನು ತೋರಿಸಿ, "ನೋಡು, ಅತ್ತೆ ಕಾಲು ನೆಲಕ್ಕೆ ಇಡಕ್ಕೆ ಬುಟ್ಟಿರ್ನಿಲ್ಲ ಈವಮ್ಮ" ಅನ್ನುತ್ತಿದ್ದರು. ಈಗ ಆ ಪರೀಕ್ಷೆ ನನ್ನ ಮುಂದೆ ಬಂದಿತ್ತು. ಅತ್ತೆಯೂ ಹಾಗೆಯೇ ತಿಳಿದಿದ್ದರು. ಆಪರೇಷನ್ ಆದ ಮಾರನೆಯ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣಮ್ಮಿ. ನಾನ್ ಮಾಡ್ದೆ, ನೀನೂ ಮಾಡ್ತೀಯ ಬುಡು. ಶಾನೆ ದಿನ ಕಾಡಕ್ಕಿಲ್ಲ" ಅಂದರು. ಸಾಯುವ ಮಾತನ್ನು ಅಷ್ಟು ಸಲೀಸಾಗಿ ಹೇಳಿಬಿಟ್ಟರು.

ನನ್ನ ಗಂಡ ಮಾಕವಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಟ್ರಾಕ್ಟರು ಓಡಿಸುವವರು. ಒಳ್ಳೆ ತೋಳು. ತಾಯಿಗೆ ಬಾತ್‌ರೂಮಿಗೆ ಹೋಗಬೇಕೆನಿಸಿದ ಕೂಡಲೇ ಎರಡೂ ಕೈಯಲ್ಲಿ ಅನಾಮತ್ತು ಎತ್ತಿಕೊಂಡು ಹೊರಟರು. ವಾರ್ಡಿನ ಹೆಂಗಸರು, "ಮಗ ಅಂದ್ರೆ ಇವ್ನು ಕಣವ್ವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಬಾಗಿಲಿಗೆ ಅಡ್ಡ ನಿಂತವರು ಸಿಸ್ಟರು.

"ಏನ್ ಸಾರ್, ಗೌರಮ್ಮನ್ನ ನೀರ್ಗೆ ಬುಡಕ್ಕೆ ಎತ್ಕಂಡೋಯ್ತಿದ್ದೀರಾ?"

ನನ್ನ ಗಂಡನ ಮುಖ ನೋಡಬೇಕಿತ್ತು. ತಾಯಿಯನ್ನು ಇಳಿಸುವಂತಿಲ್ಲ, ಮುಂದೆ ಹೋಗುವಂತಿಲ್ಲ.

"ಇನ್ನೂ ಜೀವಂತವಾಗವ್ರೆ ನಿಮ್ಮವ್ವ. ಮಂಚದ ಮೇಲೆ ಬುಡಿ. ಎತ್ತಿ ಎತ್ತಿ ನಿಮ್ ಸೊಂಟಾನೂ ಹೋಯ್ತದೆ, ಅವ್ರ್ ಕಾಲೂ ಹೋಯ್ತದೆ."

ಅಂದು ಶುರುವಾಯಿತು ನೋಡಿ. ಸಿಸ್ಟರ ಕ್ರಮ ಹೀಗಿತ್ತು. ಮೊದಲು ಮಲಗಿದಲ್ಲೇ ಪಾದ ಮೇಲಕ್ಕೆ, ಕೆಳಕ್ಕೆ. ಆಮೇಲೆ ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸಿ ಮಂಡಿ ಮಡಿಸುವುದು. ಉಸಿರು ಎಳೆದು ಬಿಡುವುದು. ಆಗಾಗ ಮಗ್ಗುಲು ಬದಲಿಸುವುದು. ಆಮೇಲೆ ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿಸಿ, ಸೊಂಟಕ್ಕೆ ಒಂದು ದಪ್ಪ ಟವೆಲ್ಲನ್ನು ಪಟ್ಟಿಯಂತೆ ಬಿಗಿದು ಕಟ್ಟುತ್ತಿದ್ದರು. ಹಿಡಿಯುವುದು ಆ ಟವೆಲ್ಲನ್ನು, ಕಂಕುಳನ್ನಲ್ಲ, ತೋಳನ್ನೂ ಅಲ್ಲ. ಅಷ್ಟಾದ ಮೇಲೂ ಕೂಡಲೇ ಎಬ್ಬಿಸುತ್ತಿರಲಿಲ್ಲ. "ಕೊಟ್ಟಿಗೇಲಿ ಎಷ್ಟ್ ದನ ಅವೆ? ಒಂದೊಂದ್ರ ಎಸ್ರೇಳಿ" ಅನ್ನುತ್ತಿದ್ದರು.

ಇದೇನು ಹುಚ್ಚು ಅಂದುಕೊಂಡಿದ್ದೆ. ಕಾರಣ ಅವರೇ ಹೇಳಿದರು. ಹಿಂದೊಮ್ಮೆ ಒಬ್ಬ ದಪ್ಪ ಗೌಡರನ್ನು ಮಲಗಿದಲ್ಲಿಂದ ಗಬಕ್ಕನೆ ಎಬ್ಬಿಸಿ ನಿಲ್ಲಿಸಿದರಂತೆ. ಅವರಿಗೆ ಕಣ್ಣು ಕತ್ತಲೆ ಬಂದು, ಇಬ್ಬರೂ ತಬ್ಬಿಕೊಂಡು ನೆಲಕ್ಕೆ ಕೂತರಂತೆ. "ಅವ್ರ ಎಂಡ್ರು ಬಾಗ್ಲಲ್ಲೇ ನಿಂತವ್ರೆ! ನಾನೇನಂತ ಹೇಳ್ಲಿ?" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂದಿನಿಂದ, ಕೂರಿಸಿದ ಮೇಲೆ ತಲೆ ತಿರುಗುತ್ತದೆಯೇ ಎಂದು ನೋಡಲು ದನಗಳ ಹೆಸರು ಕೇಳುವುದು. ತಲೆ ತಿರುಗುವವರು ತಮ್ಮ ಮನೆಯ ಹಸುವಿನ ಹೆಸರನ್ನೂ ತಡವರಿಸುತ್ತಾರಂತೆ. ನಾಗಮಂಗಲದ ಒಬ್ಬ ಮೇಷ್ಟರು ನಮ್ಮ ಮನೆಯಲ್ಲಿ ದನವೇ ಇಲ್ಲ ಅಂದದ್ದಕ್ಕೆ ಅವರ ಭಾಮೈದರ ಹೆಸರು ಹೇಳಿಸಿದ್ದರಂತೆ.

ನನ್ನನ್ನೂ ಬಿಡಲಿಲ್ಲ. ಮಿಷನ್ನಿನ ಮುಂದೆ ಎಷ್ಟು ಹೊತ್ತು ಕೂರುತ್ತೀರಿ ಎಂದು ಕೇಳಿ, ನನ್ನ ಕುತ್ತಿಗೆ ಮುಟ್ಟಿ, "ಒಂದೊಂದ್ ಬ್ಲೌಸ್ಗೂ ಒಂದ್ಸಲ ಎದ್ದು ಅಂಗಡಿ ಬಾಗ್ಲಿಗೆ ಓಗಿ ಬೀದಿ ನೋಡ್ಕಂಬನ್ನಿ. ಯಾರ್ ಯಾವ್ ಸೀರೆ ಉಟ್ಟವ್ರೆ ಅಂತ್ಲೂ ಗೊತ್ತಾಯ್ತದೆ" ಅಂದರು. ಈಗಲೂ ಹಾಗೇ ಮಾಡುತ್ತೇನೆ. ಬೀದಿಯ ಸಮಾಚಾರವೆಲ್ಲ ನನಗೆ ಗೊತ್ತಿರುವುದು ಸಿಸ್ಟರ ದಯೆಯಿಂದ.

ಇಷ್ಟೆಲ್ಲ ಇದ್ದರೂ ನಮ್ಮತ್ತೆಯ ಮುಂದೆ ಅವರ ಆಟ ನಡೆಯಲಿಲ್ಲ. ಪಾದ ಆಡಿಸಿ ಅಂದರೆ ಆಡಿಸುತ್ತಿದ್ದರು. ಕೂರಿಸಿದರೆ ಕೂರುತ್ತಿದ್ದರು. "ಗೌರಿ, ಕೆಂಪಿ, ಚೌಡಿ" ಎಂದು ಹೆಸರೂ ಹೇಳುತ್ತಿದ್ದರು. ನಿಲ್ಲಿ ಅಂದ ಕೂಡಲೇ ಮಂಚದ ಸರಳು ಹಿಡಿದುಕೊಂಡು, "ನನ್ ಕೈಲಾಗಕ್ಕಿಲ್ಲ ಕಣವ್ವ, ಬುಟ್ಬುಡು" ಎಂದು ಗೋಗರೆಯುತ್ತಿದ್ದರು. ನೋಡಲು ಬಂದ ನೆಂಟರೆಲ್ಲ ಅವರ ಪರ. "ಮುದುಕಮ್ಮನ್ನ ಯಾಕಿಂಗೆ ಗೋಳುಯ್ಕತೀರಿ? ಮಲಗ್ಲಿ ಬುಡಿ ಅತ್ಲಾಗೆ" ಅನ್ನುವರು. ನಮ್ಮೂರಿನ ಒಬ್ಬಾಕೆಯಂತೂ ಎಳನೀರು ಕೊಡುತ್ತಾ ನನಗೆ ಕೇಳಿಸುವ ಹಾಗೆ, "ಸೊಸೆಗೆ ಅಂಗಡಿ ಬಾಗ್ಲು ತೆಗೀಬೇಕಲ್ಲ, ಅದ್ಕೆ ಅತ್ತೆನ ಬಿರ್‍ನೆ ನಡುಸ್ತಾವ್ಳೆ" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಹೋಗಿ ಸಿಸ್ಟರ ಮೇಲೆ ಹರಿಹಾಯ್ದೆ. ನಮ್ಮ ಪಾಡಿಗೆ ನಮ್ಮನ್ನು ಬಿಡಿ, ಮಲಗಿದ್ದರೆ ಮಲಗಿರಲಿ, ನಾನು ನೋಡಿಕೊಳ್ಳುತ್ತೇನೆ ಅಂದೆ.

ಅವರು ವಾಪಸು ಜೋರು ಮಾಡುತ್ತಾರೆಂದುಕೊಂಡಿದ್ದೆ. ಮಾಡಲಿಲ್ಲ. ಪುರಿಯ ಪೊಟ್ಟಣವನ್ನು ಜೇಬಿನಲ್ಲಿ ಮಡಿಸಿಟ್ಟು ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. "ನಂಗೂ ಭಯ ಆಯ್ತದೆ ಕಣಮ್ಮ. ಮೂಳೆ ಕೂಡ್ತದೆ, ಅದ್ರ ಯೋಚ್ನೆ ಇಲ್ಲ. ನಿಮ್ಮತ್ತೆ ಮನ್ಸಲ್ಲಿ ಆಗ್ಲೇ ಮಲಗ್ಬುಟ್ಟವ್ರೆ. ಇಂಗೇ ಬುಟ್ರೆ ಎದೆಗೆ ಕಫ ಇಳೀತದೆ, ಬೆನ್ನು ಹುಣ್ಣಾಯ್ತದೆ. ಆಮೇಲೆ ನಾನಲ್ಲ, ಯಾರ್ ಬಂದ್ರೂ ಎಬ್ಬಿಸಕ್ಕಾಗಕ್ಕಿಲ್ಲ." ಆ ದಪ್ಪ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವತ್ತೇ ಸಂಜೆ ನಮ್ಮತ್ತೆ ತಮ್ಮ ಕೈಬಳೆ ಬಿಚ್ಚಿ ನನ್ನ ಕೈಗೆ ಹಾಕಲು ಬಂದರು. ನಾನು ಬೇಡವೆಂದು ಕೈ ಹಿಂದಕ್ಕೆ ಎಳೆದುಕೊಂಡೆ. ಇಬ್ಬರೂ ಅತ್ತೆವು.

ದಾರಿ ತೆರೆದದ್ದು ಯಾವ ಔಷಧಿಯಿಂದಲೂ ಅಲ್ಲ, ಒಂದು ಬೀಗರೂಟದಿಂದ. ನಮ್ಮ ಕಡೆ ಮದುವೆಯಾದ ಮೇಲೆ ಬೀಗರನ್ನು ಕರೆದು ಬಾಡೂಟ ಹಾಕುವ ಪದ್ಧತಿ ಇದೆ. ನನ್ನ ಮದುವೆಯ ಬೀಗರೂಟದಲ್ಲಿ ನಮ್ಮವ್ವ, ಅಂದರೆ ನನ್ನ ಹೆತ್ತ ತಾಯಿ, ಎಲೆಯ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟು, "ಸಾರ್ಗೆ ಉಪ್ಪು ಒಸಿ ಕಮ್ಮಿ" ಅಂದುಬಿಟ್ಟಳು. ಮುಗಿಯಿತು. ನನ್ನ ಮಗ ಕಾಲೇಜಿಗೆ ಹೋಗುವ ಹೊತ್ತಿಗೂ ನಮ್ಮತ್ತೆ ಆ ಉಪ್ಪನ್ನು ಮರೆತಿರಲಿಲ್ಲ. ನಮ್ಮವ್ವ ನಾಗಮಂಗಲದ ಕಡೆಯ ಹಳ್ಳಿಯಿಂದ ಬಂದಾಗಲೆಲ್ಲ ನಮ್ಮತ್ತೆ ಒಳ್ಳೆ ಸೀರೆ ಉಟ್ಟು, ಬಾಗಿಲಲ್ಲಿ ನಿಂತು, ನಗುನಗುತ್ತಾ "ಬನ್ನಿ ಬೀಗ್ರೆ" ಎಂದು ಕರೆದು, ಅಡುಗೆಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದರು. ಆದರೆ ಒಂದು ದಿನವೂ ಮರ್ಯಾದೆಯಲ್ಲಿ ಕಮ್ಮಿ ಮಾಡಿದವರಲ್ಲ. ಬೀಗರು ಬಾಗಿಲಿಗೆ ಬಂದಾಗ ಎದ್ದು ನಿಲ್ಲದೆ ಇರುವುದು ಅವರ ಜಾಯಮಾನದಲ್ಲೇ ಇಲ್ಲ.

ನಮ್ಮವ್ವ ಇನ್ನೂ ನೋಡಲು ಬಂದಿರಲಿಲ್ಲ. ಸಿಸ್ಟರು ಮಗ್ಗುಲು ಬದಲಿಸುತ್ತಿದ್ದಾಗ ನಮ್ಮತ್ತೆ, "ಇವಳವ್ವ ಒಬ್ಳು ಬಂದು ನೋಡೋದ್ ಬಾಕಿ ಅದೆ. ಇಂಗೆ ಮಲಗಿರೋದ್ನ ಅವ್ಳು ನೋಡಕ್ಕೆ ಮುಂಚೆ ಭಗವಂತ ಕರ್ಕಂಡ್ರೆ ಸಾಕು" ಎಂದು ಗೊಣಗಿದರು. ಸಿಸ್ಟರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಹೊರಗೆ ಬಂದು ಎಲ್ಲ ಕೇಳಿ ತಿಳಿದುಕೊಂಡರು. ಉಪ್ಪಿನ ಕಥೆ ಬಂದಾಗ ಅವರ ಕಣ್ಣು ಹೊಳೆಯಿತು.

"ಕರೀರಿ ಆ ಉಪ್ಪು ಕಮ್ಮಿ ಅಂದೋರ್ನ."

ನಮ್ಮವ್ವ ಬಂದಳು, ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು. ಹೊರಗಿನ ಬೆಂಚಿನ ಮೇಲೆ ಕೂರಿಸಿ ಸಿಸ್ಟರು ಅವಳ ಕಿವಿಯಲ್ಲಿ ಏನೋ ಹೇಳಿದರು. "ಅಯ್ಯೋ ಶಿವನೇ, ಕಾಯ್ಲೆ ಬಿದ್ದೋರ್ಗೆ ಅಂಗೆಲ್ಲ ಅನ್ನಕ್ಕಾಯ್ತದಾ?" ಎಂದು ನಮ್ಮವ್ವ ಗಲ್ಲ ಬಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, ಬಾಗಿಲ ಹೊರಗಿನಿಂದಲೇ ಗಟ್ಟಿಯಾಗಿ, "ಏಳಕ್ಕೇ ಆಗಕ್ಕಿಲ್ವಂತಲ್ಲ ಪಾಪ, ಬೀಗ್ರ ಕಾಲ ಮುಗೀತು ಅನ್ನು" ಅಂದಳು.

ಒಳಗೆ ನಮ್ಮತ್ತೆ ನನ್ನ ಕೈ ಜಗ್ಗಿದರು. "ಏನಮ್ಮಿ, ನಿಮ್ಮವ್ವನಾ? ತಲೆ ಬಾಚು ಬೇಗ. ಆ ನೀಲಿ ಸೀರೆ ತೆಗಿ. ಲೇ, ಏನ್ ನೋಡ್ತಾ ನಿಂತಿದ್ದೀಯ!"

ನಾನು ತಲೆ ಬಾಚುವುದರೊಳಗೆ ಸಿಸ್ಟರು ಒಳಗೆ ಬಂದು ಏನೂ ಗೊತ್ತಿಲ್ಲದವರಂತೆ ಟವೆಲ್ಲು ಬಿಗಿಯುತ್ತಿದ್ದರು. ಅತ್ತೆ ಕಾಲು ಇಳಿಬಿಟ್ಟು ಕೂತರು. "ಎಸ್ರೇಳಿ" ಅಂದರು ಸಿಸ್ಟರು. "ಗೌರಿ ಕೆಂಪಿ ಚೌಡಿ, ಇಡ್ಕೊ ಬಿರ್‍ನೆ" ಅಂದರು ಅತ್ತೆ, ಒಂದೇ ಉಸಿರಿನಲ್ಲಿ. ವಾಕರ್ ಮೇಲೆ ಎರಡೂ ಕೈ ಊರಿದರು. ಮುಖ ಕಿವುಚಿದರು. ಬಲಗಾಲು ನಡುಗಿತು. ನನ್ನ ಗಂಡ ಎತ್ತಲು ಮುಂದೆ ನುಗ್ಗಿದರು. ಸಿಸ್ಟರು ಅವರ ಕಡೆ ಬಿಟ್ಟ ಕಣ್ಣಿಗೆ ಟ್ರಾಕ್ಟರೂ ನಿಲ್ಲುತ್ತಿತ್ತು. ಅತ್ತೆ ಎದ್ದರು. ನಮ್ಮವ್ವ ಒಳಗೆ ಕಾಲಿಟ್ಟಾಗ ನಮ್ಮತ್ತೆ ನಿಂತಿದ್ದರು.

"ಬನ್ನಿ ಬೀಗ್ರೆ. ಕುಂತ್ಕಳಿ. ಬಸ್ಸು ರಶ್ಶಾಗಿತ್ತಾ?"

ಸಿಸ್ಟರ ಒಂದು ಕೈ ಹಿಂದಿನಿಂದ ಟವೆಲ್ಲನ್ನು ಗಟ್ಟಿಯಾಗಿ ಹಿಡಿದಿತ್ತು. ಮುಖ ಮಾತ್ರ ಕಿಟಕಿಯ ಕಡೆ ತಿರುಗಿತ್ತು, ತಮಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ನಮ್ಮವ್ವ ಕೂತಳು. "ನೀವ್ ಕುಂತ್ಕಳಿ ಬೀಗ್ರೆ, ನಂಗೆ ನೋಡಕ್ಕಾಗಕ್ಕಿಲ್ಲ" ಎಂದು ಬಿಕ್ಕಿಬಿಟ್ಟಳು. ನಮ್ಮತ್ತೆ ಕೂತುಕೊಳ್ಳುವ ಬದಲು, ಅಳುತ್ತಿರುವ ಬೀಗಿತಿಗೆ ನೀರು ಕೊಡಬೇಕೆಂದು ಕಿಟಕಿಯ ಹತ್ತಿರದ ಬಾಟಲಿಯ ಕಡೆ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಆಮೇಲೆ ಮಂಚಕ್ಕೆ ಬಂದು ಕೂತು, ನನ್ನನ್ನು ನೋಡಿ, "ನಿಂತ್ನಲ್ಲಮ್ಮಿ!" ಅಂದರು. ಆ ಮುಖ ನಾನು ಸಾಯುವವರೆಗೂ ಮರೆಯುವುದಿಲ್ಲ.

ಹೊರಗೆ ಬಂದು ನೋಡಿದರೆ ಸಿಸ್ಟರು ಬೆಂಚಿನ ಮೇಲೆ ಕೂತು ನಮ್ಮವ್ವನ ಡಬ್ಬಿಯಿಂದ ಚಕ್ಕುಲಿ ತಿನ್ನುತ್ತಿದ್ದರು. "ಬಿದ್ದಿದ್ರೆ ನನ್ ಕಥೆ ಮುಗೀತಿತ್ತು ಕಣಮ್ಮ" ಅಂದರು. ಧೈರ್ಯಸ್ಥೆ ಅಂದುಕೊಂಡಿದ್ದೆ. ಹೆದರಿಕೊಂಡೇ ಮಾಡಿದ್ದರು ಪುಣ್ಯಾತ್ಗಿತ್ತಿ. ಇಷ್ಟೊಂದು ಹಟ ನಿಮಗೆ ಯಾಕೆ ಬಂತು, ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಮಲಗಿ ಹೋದರೇ ಎಂದು ಕೇಳಿದೆ. "ಯಾರೂ ಇಲ್ಲ. ನಮ್ಮವ್ವ ಗುಂಡ್ಕಲ್ಲಂಗವ್ಳೆ, ದಿನಾ ಬೈತಾಳೆ. ಇದು ನನ್ ಕೆಲ್ಸ, ಅದ್ಕೆ ಮಾಡ್ತೀನಿ" ಅಂದರು.

ಮನೆಗೆ ಹೊರಡುವ ದಿನ ಅವರು ಒಂದು ಉಪಕಾರ ಮಾಡಿದರು. ಊರ ಬಾಯಿಗೆ ನನ್ನಷ್ಟು ಹೆದರುವವರು ಇಲ್ಲವೆಂದು ಅವರಿಗೆ ಗೊತ್ತಾಗಿತ್ತು. "ಅತ್ತೆ ಕೈಲಿ ಸೊಪ್ಪು ಬಿಡುಸ್ತಾಳೆ, ಅಂಗ್ಳ ದಾಟುಸ್ತಾಳೆ ಅಂತ ಯಾರಾರ ಅಂದ್ರೆ, ಆ ಸಿಸ್ಟರು ರಾಕ್ಷಸಿ, ಅವ್ಳೇ ಹೇಳಿರೋದು ಅನ್ನಿ. ಬೈಯೋದೆಲ್ಲ ನನ್ಗೇ ಬೈಲಿ. ನಾನೇನು ಕಿಕ್ಕೇರಿಗೆ ಎಣ್ಣು ಕೇಳಕ್ಕೆ ಬರ್ಬೇಕಾ?" ಅಂದರು. ನಾನು ಹಾಗೇ ಹೇಳಿದೆ. ನಮ್ಮ ಬೀದಿಯ ಹೆಂಗಸರು ಆ ಕಾಣದ ಸಿಸ್ಟರಿಗೆ ಹಿಡಿ ಹಿಡಿ ಶಾಪ ಹಾಕಿದರು. ನಮ್ಮತ್ತೆ ಸೊಪ್ಪು ಬಿಡಿಸಿದರು, ಅಂಗಳ ದಾಟಿದರು, ವಾಕರ್ ಬಿಟ್ಟು ಕೋಲು ಹಿಡಿದರು, ಕೊಟ್ಟಿಗೆಗೂ ಹೋದರು. ಆದರೂ ನನಗೆ ಒಳಗೊಳಗೆ ಅಳುಕು. ಅವರ ಮುಂದೆ ಜೋರಾಗಿ ಒಂದು ಮಾತು ಆಡುತ್ತಿರಲಿಲ್ಲ. ಗಾಜಿನ ಸಾಮಾನು ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದೆ. ಅವರೂ ನನ್ನೊಂದಿಗೆ ಮೊದಲಿನಂತೆ ಜಗಳಕ್ಕೆ ಬರುತ್ತಿರಲಿಲ್ಲ. ಮನೆ ಮನೆಯಂತಿರಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಮನೆಗೆ ಬಂದೆ. ಮಂಚ ಖಾಲಿ. ಕೊಟ್ಟಿಗೆಯಲ್ಲಿಲ್ಲ, ಹಿತ್ತಲಲ್ಲಿಲ್ಲ, ಅಕ್ಕಪಕ್ಕದಲ್ಲಿಲ್ಲ. ಕೋಲೂ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಗಂಡನಿಗೆ ಫೋನು ಮಾಡಿದೆ. ಅವರು ಕೆರೆ ಏರಿಯ ಕಡೆ ಓಡಿದರು, ನಾನು ಕಾಲುವೆಯ ಕಡೆ. ಎಲ್ಲಿ ಬಿದ್ದಿದ್ದಾರೋ, ಯಾವ ಗಂಡಾಂತರವೋ ಎಂದು ಕಂಡ ಕಂಡ ದೇವರಿಗೆಲ್ಲ ಹರಸಿಕೊಂಡೆ. ಅಷ್ಟರಲ್ಲಿ ನಮ್ಮವ್ವನ ಫೋನು.

"ಯಾಕಮ್ಮಿ ಏದುಸ್ರು ಬುಡ್ತಿದ್ದೀಯ? ನಿಮ್ಮತ್ತೆ ಇಲ್ಲೇ ಅವ್ರೆ. ಎಂಗಸ್ರಿಗೆ ಬಸ್ಸು ಫ್ರೀ ಅಲ್ವಾ, ಆಧಾರ್ ಕಾರ್ಡ್ ಸೆರಗಲ್ಲಿ ಕಟ್ಕಂಡು ಬಂದ್ಬುಟ್ಟವ್ರೆ. ಉಂಡು ಮಲಗವ್ರೆ. ಸಂಜೆ ಬಸ್ಸಿಗೆ ಅತ್ತುಸ್ತೀನಿ."

ಕಾಲುವೆ ಏರಿಯ ಮೇಲೇ ಕುಸಿದು ಕೂತೆ. ಹೋದ ಜೀವ ಬಂತು, ಬಂದ ಕೂಡಲೇ ಕೋಪವೂ ಬಂತು. ಯಾರಿಗೆ ಹೇಳಲಿ? ಸಿಸ್ಟರಿಗೆ ಫೋನು ಹಚ್ಚಿದೆ. ಎಲ್ಲ ಒದರಿದೆ. ಅವರು ಕೇಳಿದ್ದು ಒಂದೇ.

"ಬಸ್ ಅತ್ತುವಾಗ ಒಳ್ಳೆ ಕಾಲು ಮೊದ್ಲು ಇಟ್ರಂತಾ?"

"ಅದೆಲ್ಲ ಯಾರಿಗ್ಗೊತ್ತು ಸಿಸ್ಟರೇ! ಏಳ್ದೆ ಕೇಳ್ದೆ ಓಗವ್ರೆ!"

"ಅಂಗಾದ್ರೆ ಬೈರಿ."

"ಏನು?"

"ಬಾಯ್ತುಂಬ ಬೈರಿ ಕಣಮ್ಮ. ಮಲಗಿರೋರ್ಗೆ ಯಾರೂ ಬೈಯಕ್ಕಿಲ್ಲ. ಇನ್ ಎದ್ರುಕೊಬ್ಯಾಡಿ, ಅವ್ರು ಉಸಾರಾದ್ರು." ಅಷ್ಟೇ ಹೇಳಿ ಫೋನು ಇಟ್ಟುಬಿಟ್ಟರು.

ಸಂಜೆ ಬಸ್ಸಿನಿಂದ ನಮ್ಮತ್ತೆ ಒಂದು ಚೀಲ ಹುರುಳಿಕಾಳು ಹಿಡಿದುಕೊಂಡು ಇಳಿದರು. ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದು ಕರೆತಂದೆ. ಅಂಗಳಕ್ಕೆ ಬಂದದ್ದೇ ಶುರುಮಾಡಿದೆ. ಬುದ್ಧಿ ಇದೆಯಾ, ಬಿದ್ದು ಹಲ್ಲು ಉದುರಿಸಿಕೊಂಡಿದ್ದರೆ ಯಾರು ಗತಿ, ಒಂದು ಮಾತು ಹೇಳಿ ಹೋಗಲು ಏನು ಬಂದಿತ್ತು ಎಂದು, ಅಷ್ಟು ಕಾಲ ಕಟ್ಟಿಟ್ಟಿದ್ದನ್ನೆಲ್ಲ ಒಟ್ಟಿಗೆ ಬೈದೆ. ಅತ್ತೆ ಒಂದು ಗಳಿಗೆ ಬೆರಗಾಗಿ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಏನಮ್ಮಿ, ನನ್ ಬೀಗ್ರ ಮನೆಗೆ ಓಗಕ್ಕೆ ನಿನ್ ಕೇಳ್ಬೇಕಾ? ನಿಮ್ಮವ್ವನ್ ಮುಖ ನೋಡಿ ಎಷ್ಟ್ ದಿನ ಆಯ್ತು ನಿಂಗೆ? ಮಾತಾಡ್ತಾಳೆ, ಮಾತು!" ಬೀದಿಯವರೆಲ್ಲ ಬಾಗಿಲಿಗೆ ಬಂದರು. ನನಗೆ ಅಳು ಉಕ್ಕಿ ಬಂತು, ಅತ್ತೆಯ ಮುಂದೆ ಅಳಬಾರದೆಂದು ತಿರುಗಿ ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಜಗಳ ಇನ್ನೂ ಮುಗಿದಿರಲಿಲ್ಲವಲ್ಲ, ಅತ್ತೆ ಕೋಲನ್ನು ಅಂಗಳದಲ್ಲೇ ಬಿಸಾಕಿ, ಹೊಸಿಲು ದಾಟಿ, ಬೈಯುತ್ತಾ ಬೈಯುತ್ತಾ ನನ್ನ ಹಿಂದೆಯೇ ಅಡುಗೆಮನೆಯವರೆಗೆ ನಡೆದುಕೊಂಡು ಬಂದರು.